ಮೊಬೈಲ್ ಮತದಾನ: ಬ್ಲಾಕ್‌ಚೈನ್ ಕಾಯುವುದು ಎಲ್ಲಿಂದ?

ಪ್ರತಿ ಚುನಾವಣೆ ಮುಗಿದಾಗಲೂ ಬೆಂಗಳೂರಿನ ಮತ ಪ್ರಮಾಣ ನೋಡಿ ಹಣೆ ಚಚ್ಚಿಕೊಳ್ಳುವುದು ವಾಡಿಕೆ. 2024ರ ಲೋಕಸಭಾ ಚುನಾವಣೆಯಲ್ಲೂ ನಗರದ ಮೂರು ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಷ್ಟೇ ಮತಗಟ್ಟೆಗೆ ಬಂದರು. ಸೊಪ್ಪಿನವರಿಗೂ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಊರಲ್ಲಿ ವೋಟನ್ನೂ ಮೊಬೈಲಿನಲ್ಲೇ ಒತ್ತಿದರೇನು? ಸುರಕ್ಷತೆಯ ಮಾತೆತ್ತಿದರೆ, ದಾಖಲೆಯನ್ನು ಸುಲಭಕ್ಕೆ ತಿದ್ದಲಾಗದಂತೆ ಹಲವು ಕಂಪ್ಯೂಟರುಗಳಲ್ಲಿ ಇಡುವ ‘ಬ್ಲಾಕ್‌ಚೈನ್ ಇದೆಯಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ನಗರದವರ ನಿರಾಸಕ್ತಿ, ವೋಟು ಹಾಕಲು ರಾಯಚೂರಿಗೋ ಕಲಬುರಗಿಗೋ ಹೋಗಲಾಗದ ಕಟ್ಟಡ ಕಾರ್ಮಿಕರ ಕಷ್ಟ, ಇವಿಎಂ ಮೇಲಿನ ಅನುಮಾನ, ಮೂರಕ್ಕೂ ಇದೇ ಮದ್ದು ಎಂದು ಹೇಳತೊಡಗಿದ ಮೇಲೆ ವಿಷಯ ಕಗ್ಗಂಟಾಗಿದೆ.

1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಸಲ ಬಳಕೆಯಾದ ಮತಯಂತ್ರ ಕೋರ್ಟಿನಲ್ಲಿ ಬಿದ್ದು, ಕಾನೂನು ತಿದ್ದುಪಡಿಯಿಂದ ಎದ್ದು, 2004ಕ್ಕೆ ದೇಶವನ್ನೆಲ್ಲ ವ್ಯಾಪಿಸಿತು. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬಿಇಎಲ್. ಅನುಮಾನ ಮಾತ್ರ ಹೋಗಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಕಾಗದದ ಸಾಕ್ಷ್ಯ ಬೇಕೆಂದಿತು, ವಿವಿಪ್ಯಾಟ್ ಬಂತು. ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುವ ಆ ಚೀಟಿಯನ್ನು ಬೇಕೆಂದರೆ ಕೈಯಲ್ಲಿ ಎಣಿಸಬಹುದು.

ಬ್ಲಾಕ್‌ಚೈನ್ ಬಂದದ್ದು ದುಡ್ಡಿನ ಲೋಕದಿಂದ, 2009ರ ಬಿಟ್‌ಕಾಯಿನ್ ಜೊತೆ. ಸಹಕಾರ ಸಂಘದ ಲೆಕ್ಕದ ಪುಸ್ತಕವನ್ನು ಹತ್ತು ಮನೆಯಲ್ಲಿ ಹತ್ತು ಪ್ರತಿ ಇಟ್ಟಂತೆ. ಒಬ್ಬ ತಿದ್ದಿದರೆ ಉಳಿದ ಒಂಬತ್ತು ಪ್ರತಿ ಅವನನ್ನು ಹಿಡಿದುಕೊಡುತ್ತವೆ. ಆದರೆ ಬರೆಯುವ ಮೊದಲೇ ಲೆಕ್ಕ ತಪ್ಪಿಸಿದ್ದರೆ ಹತ್ತೂ ಪುಸ್ತಕ ಆ ತಪ್ಪನ್ನೇ ಭದ್ರವಾಗಿ ಕಾಯುತ್ತವೆ.

2018ರಿಂದ 2020ರವರೆಗಿನ ಪ್ರಯೋಗಗಳು ಎಡವಿದ್ದು ಹೀಗೇ. ಅಮೆರಿಕದ ವೆಸ್ಟ್ ವರ್ಜೀನಿಯಾ 2018ರ ನವೆಂಬರಿನಲ್ಲಿ ವಿದೇಶದಲ್ಲಿದ್ದ ತನ್ನ ಮತದಾರರಿಗೆ ‘ವೋಟ್ಜ್’ ಆ್ಯಪ್ ಕೊಟ್ಟಿತು. ಬಳಸಿದವರು 144 ಮಂದಿ. 2020ರ ಫೆಬ್ರುವರಿಯಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಸಂಶೋಧಕರು ಆ್ಯಪನ್ನು ಬಿಚ್ಚಿ ನೋಡಿದರು. ಫೋನ್ ಬೇರೆಯವರ ವಶವಾದರೆ ಮತ ಬ್ಲಾಕ್‌ಚೈನಿನ ಸರಪಳಿ ಸೇರುವ ಮೊದಲೇ ಅದನ್ನು ಬದಲಿಸಬಹುದಿತ್ತು. ರಾಜ್ಯ ಆ್ಯಪನ್ನು ಕೈಬಿಟ್ಟಿತು.

ಮಾಸ್ಕೋದ ಕತೆ ಇನ್ನೂ ಸ್ವಾರಸ್ಯದ್ದು. 2019ರ ಸೆಪ್ಟೆಂಬರಿನ ನಗರ ಡೂಮಾ, ಅಂದರೆ ನಗರದ ಶಾಸನಸಭೆಯ ಚುನಾವಣೆಗೆ ಎಥೀರಿಯಂ ಎಂಬ ಬ್ಲಾಕ್‌ಚೈನ್ ಆಧಾರದ ವ್ಯವಸ್ಥೆ ಸಿದ್ಧವಾಗಿತ್ತು. ಒಡೆದು ತೋರಿಸಿ ಎಂದು ಅಧಿಕಾರಿಗಳೇ ಸವಾಲು ಹಾಕಿದ್ದರು. ಫ್ರಾನ್ಸಿನ ಸಂಶೋಧಕ ಪಿಯೆರಿಕ್ ಗೋಡ್ರಿ ಮಾಮೂಲಿ ಕಂಪ್ಯೂಟರಿನಲ್ಲಿ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಬಳಸಿ, ಸುಮಾರು 20 ನಿಮಿಷದಲ್ಲಿ ಮತದ ಗುಪ್ತಲಿಪಿ ಭೇದಿಸಿದರು. ಗುಪ್ತಲಿಪಿಯ ಕೀಲಿಗಳು ತೀರಾ ಗಿಡ್ಡ, 256 ಬಿಟ್‌ಗೂ ಕಡಿಮೆ ಇದ್ದವು. ಆಮೇಲೆ ಉದ್ದ ಮಾಡಿದರು. ಸರಪಳಿ ಗಟ್ಟಿಯಿದ್ದೂ ಗುಟ್ಟು ಬಯಲಾಗುವಂತಿತ್ತು. ಅಂದಹಾಗೆ, ಆನ್‌ಲೈನ್ ಮತದಾನಕ್ಕೆ ಎಲ್ಲರೂ ಉದಾಹರಿಸುವ ಎಸ್ಟೋನಿಯಾ 2005ರಲ್ಲೇ ಅದನ್ನು ಶುರು ಮಾಡಿತ್ತು, ಬಿಟ್‌ಕಾಯಿನ್ ಹುಟ್ಟುವ ಮೊದಲು.

ಇನ್ನೊಂದು ತೊಡಕಿಗೆ ಕಂಪ್ಯೂಟರೇ ಬೇಕಿಲ್ಲ. ಮತಗಟ್ಟೆಯ ರಟ್ಟಿನ ಮರೆಯಲ್ಲಿ ಮತದಾರ ಒಬ್ಬನೇ. ಮನೆಯಲ್ಲಿ ಫೋನ್ ಹಿಡಿದಾಗ ಪಕ್ಕದಲ್ಲಿ ಗಂಡನಿರಬಹುದು, ಮಾಲೀಕನಿರಬಹುದು, ಹಣ ಹಂಚಿ ಹೋದವನೂ ಇರಬಹುದು.

ನಮ್ಮಲ್ಲಿ 2020ರಲ್ಲಿ ಚುನಾವಣಾ ಆಯೋಗ ಐಐಟಿ ಮದ್ರಾಸ್ ಜೊತೆ ಬ್ಲಾಕ್‌ಚೈನ್ ಆಧಾರದ ದೂರಮತದಾನದ ಸಂಶೋಧನೆ ನಡೆಸುತ್ತಿರುವುದಾಗಿ ಪ್ರಕಟಿಸಿತು. 2021ರಲ್ಲಿ ತೆಲಂಗಾಣದ ಖಮ್ಮಂನಲ್ಲಿ ಮೊಬೈಲ್ ಮತದಾನದ ಅಣಕು ಪ್ರಯೋಗ ನಡೆಯಿತು. 2023ರ ಜನವರಿಯಲ್ಲಿ ವಲಸಿಗರಿಗಾಗಿ ಆಯೋಗ ಪಕ್ಷಗಳ ಮುಂದಿಟ್ಟದ್ದು 72 ಕ್ಷೇತ್ರ ನಿಭಾಯಿಸುವ, ಇಂಟರ್‌ನೆಟ್ ಸಂಪರ್ಕವೇ ಇಲ್ಲದ ಯಂತ್ರ. ವಿರೋಧ ಪಕ್ಷಗಳು ಒಪ್ಪಲಿಲ್ಲ.

2025ರಲ್ಲಿ ದಾರಿ ಎರಡಾಯಿತು. ಜೂನ್‌ನಲ್ಲಿ ಬಿಹಾರದ ಕೆಲವು ಪಟ್ಟಣಗಳ ಸ್ಥಳೀಯ ಚುನಾವಣೆಯಲ್ಲಿ ವೃದ್ಧರು, ಗರ್ಭಿಣಿಯರು, ವಲಸಿಗರಿಗೆ ಮೊಬೈಲಿನಲ್ಲೇ ಮತ ಹಾಕುವ ಅವಕಾಶ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಂಪುಟ ಸ್ಥಳೀಯ ಸಂಸ್ಥೆಗಳಿಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ಅದೇ ತಿಂಗಳು ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಬೆಂಗಳೂರಿನವರು ಕಾರ್ಪೊರೇಟರಿಗೆ ಕೊನೆಯ ಸಲ ವೋಟು ಹಾಕಿ, ಮೊಬೈಲಿನಲ್ಲಿರಲಿ ಕಾಗದದಲ್ಲಿರಲಿ, ಆಗಲೇ ಹತ್ತು ವರ್ಷವಾಗಿತ್ತು.