ಬಂಗಾರದ ಕೇಬಲ್ ಹಾಕಿದರೆ ತುಂಡಾದ ದನಿ ಕೂಡುತ್ತದೆಯೇ?

ಪ್ರಶ್ನೆ: ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರ್ ಟಿವಿಗೆ, ಹೋಮ್ ಥಿಯೇಟರ್‌ಗೆ ಜೋಡ್ಸೀನ್ರಿ. ಹಾಡು ಚಲೋ ಬರ್ತಾವ. ಸಿನೆಮಾ ಹಚ್ಚಿದ್ರ ಚಿತ್ರ ಜಗ್ಗತದ, ದನಿ ತುಂಡ ತುಂಡ ಬರ್ತದ. ಈಗಿನ ಆಪ್ಟಿಕಲ್ ಕೇಬಲ್ ತಗದು ಗೋಲ್ಡ್ ಪ್ಲೇಟೆಡ್ ಹಾಕ್ರಿ ಅಂತ ಅಂಗಡ್ಯಾಗ ಅಂತಾರ. ತರಲೇನ್ರಿ? (ಬಾಗಲಕೋಟೆಯಿಂದ)

ಬ್ಯಾಡ್ರಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಬಂಗಾರದ ಕೇಬಲ್ ಮಾರಾಟ ನಿಂತಿಲ್ಲ. ಈ ಸಲ ಲೆಕ್ಕ ಹಾಕಿಯೇ ತೋರಿಸಿಬಿಡೋಣ.

‘ಹಾಡು ಚಲೋ ಬರ್ತಾವ’ ಎಂದಿರಲ್ಲ, ಅಲ್ಲೇ ಕೇಬಲ್ ಖುಲಾಸೆಯಾಯಿತು. ಲಿನಕ್ಸ್‌ನಲ್ಲಿ ದನಿ ಸಾಗಿಸುವ ತಂತ್ರಾಂಶ ಪೈಪ್‌ವೈರ್. ಅದು ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಎಲ್ಲ ದನಿಯನ್ನೂ ಸೆಕೆಂಡಿಗೆ 48,000 ಸ್ಯಾಂಪಲ್‌ಗೆ (ದನಿಯ ಅಳತೆಗಳಿಗೆ) ತಂದು ಕಳಿಸುತ್ತದೆ. ಸ್ಯಾಂಪಲ್‌ಗೆ 16 ಬಿಟ್, ಎಡ ಬಲ ಸೇರಿ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 15,36,000 ಬಿಟ್. ಹಾಡಿಗೂ ಅಷ್ಟೇ, ಸಿನೆಮಾಕ್ಕೂ ಅಷ್ಟೇ, ಯಾರೂ ಮಾತಾಡದ ದೃಶ್ಯಕ್ಕೂ ಅಷ್ಟೇ. ಸಿನೆಮಾದ ಆರು ಸ್ಪೀಕರ್ ದನಿಯನ್ನು ಒತ್ತಿ ಕುಗ್ಗಿಸಿದ ಡಾಲ್ಬಿ ಡಿಜಿಟಲ್ 5.1 ಕಳಿಸಿದರೂ ಅದು ಹೆಚ್ಚೆಂದರೆ 6,40,000 ಬಿಟ್. ಅದನ್ನು ಅದೇ ಅಳತೆಯ ಡಬ್ಬಿಯಲ್ಲಿಟ್ಟು, ಉಳಿದ ಜಾಗಕ್ಕೆ ಸೊನ್ನೆ ತುಂಬಿ ಕಳಿಸುತ್ತಾರೆ. ಕಬ್ಬು ತುಂಬಿರಲಿ, ಖಾಲಿ ಇರಲಿ, ಫ್ಯಾಕ್ಟರಿಗೆ ಹೊರಟ ಟ್ರೇಲರ್‌ನ ಉದ್ದ ಬದಲಾಗದು. ತಾಸುಗಟ್ಟಲೆ ಹಾಡನ್ನು ಒಂದು ಚೂರೂ ಕಡಿಯದೆ ಒಯ್ದ ಕೇಬಲ್, ಸಿನೆಮಾ ಬಂತೆಂದು ಮುನಿಸಿಕೊಳ್ಳುವುದಿಲ್ಲ.

ಇನ್ನು ಬಂಗಾರ. ಆಪ್ಟಿಕಲ್ ಕೇಬಲ್‌ನೊಳಗೆ ಓಡುವುದು ಕರೆಂಟಲ್ಲ, ಕೆಂಪು ಬೆಳಕು. 1983ರಲ್ಲಿ ತೋಶಿಬಾ ಇದನ್ನು ತಂದಾಗಿನಿಂದಲೂ ಹಾಗೇ. ಪ್ಲಾಸ್ಟಿಕ್ ಎಳೆಯ ಸುತ್ತ ಬಳೆಯಂತೆ ಬಂಗಾರ ತೊಡಿಸಿದರೆ ಬೆಳಕಿಗೆ ಆಗಬೇಕಾದ್ದೇನು? ತಾಮ್ರದ ಕೇಬಲ್‌ನ ತುದಿಗಾದರೆ ಕಿಲುಬು ಹಿಡಿಯದಿರಲಿ ಎಂದು ಬಂಗಾರದ ಲೇಪ ಕೊಡುವುದುಂಟು. ಕಾರವಾರದ ಉಪ್ಪುಗಾಳಿಗೆ ಅದು ಸರಿ. ವಿಜಯಪುರದ ಒಣ ಹವೆಯಲ್ಲಿ ಅದಕ್ಕೂ ಕೆಲಸ ಕಡಿಮೆ.

ಆಪ್ಟಿಕಲ್ ಕೇಬಲ್ ಕೆಡುವುದೇ ಇಲ್ಲ ಎನ್ನುತ್ತಿಲ್ಲ. ಷೋಕೇಸ್ ಹಿಂದೆ ಮಡಚಿ ತುರುಕಿದರೆ, ಇಲಿ ಕಡಿದರೆ ಕೆಡುತ್ತದೆ. ಆಗ ಹಾಡೂ ಕಡಿಯುತ್ತದೆ, ಚಿತ್ರ ಮಾತ್ರ ಸರಾಗ ಓಡುತ್ತದೆ. ಹೊಸ ಕೇಬಲ್‌ನ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಅದನ್ನು ತೆಗೆಯದೆ ಒತ್ತಿ ಕೂಡಿಸಲು ಹೆಣಗುವವರೂ ಇದ್ದಾರೆ. ಒಂದು ತುದಿ ಕಂಪ್ಯೂಟರಿಗೆ ಹಾಕಿ, ಇನ್ನೊಂದನ್ನು ಬಿಳಿ ಹಾಳೆಯ ಹತ್ತಿರ ಹಿಡಿಯಿರಿ. ಕೆಂಪು ಚುಕ್ಕಿ ಬಿತ್ತೆಂದರೆ ಬೆಳಕು ದಾಟುತ್ತಿದೆ. ದನಿಯೇ ಬಾರದಿದ್ದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ದನಿ ಏರಿಳಿಸುವ ಆಲ್ಸಾಮಿಕ್ಸರ್ (alsamixer) ತೆರೆದು, ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ಆಪ್ಟಿಕಲ್ ಕೇಬಲ್‌ನ ದಾರಿಯಾದ ಎಸ್‌ಪಿಡಿಐಎಫ್ (S/PDIF) ಕಂಬದ ಕೆಳಗೆ ‘ಎಂಎಂ’ ಇದೆಯೇ ನೋಡಿ. ಎಂ ಕೀಲಿ ಒತ್ತಿದರೆ ಮ್ಯೂಟ್ ಹೋಗುತ್ತದೆ.

ನಿಮ್ಮಲ್ಲಿ ಚಿತ್ರವೂ ಜಗ್ಗುತ್ತಿದೆ. ಹಾಗಾದರೆ ಕಳ್ಳ ಕಂಪ್ಯೂಟರ್ ಡಬ್ಬಿಯೊಳಗೇ ಇದ್ದಾನೆ. ಟರ್ಮಿನಲ್‌ನಲ್ಲಿ ಪಿಡಬ್ಲ್ಯು-ಟಾಪ್ (pw-top) ಓಡಿಸಿಟ್ಟು ಸಿನೆಮಾ ಹಚ್ಚಿ. ದನಿ ತುಂಡಾದಾಗೆಲ್ಲ ಇಆರ್‌ಆರ್ (ERR, ತಪ್ಪುಗಳ ಎಣಿಕೆ) ಕಾಲಂನ ಸಂಖ್ಯೆ ಏರಿದರೆ, ಸರಿಯಾದ ವೇಳೆಗೆ ದನಿಯ ಬಫರ್ (ಮುಂಗಡ ತುಂಬಿಡುವ ಜಾಗ) ತುಂಬಲು ಕಂಪ್ಯೂಟರಿಗೆ ಆಗುತ್ತಿಲ್ಲ ಎಂದರ್ಥ. ಈಗ ಎಂಪಿವಿ (mpv) ಎಂಬ ಪ್ಲೇಯರ್‌ನಲ್ಲಿ ಅದೇ ಸಿನೆಮಾ ತೆರೆದು ಐ ಕೀಲಿ ಒತ್ತಿ. ಡ್ರಾಪ್ಡ್ ಫ್ರೇಮ್ಸ್ (ಕೈಬಿಟ್ಟ ಚಿತ್ರಗಳ ಎಣಿಕೆ) ಸರಸರ ಏರುತ್ತಿದ್ದು, ಅಲ್ಲೇ ಎಚ್‌ಇವಿಸಿ (HEVC, ವಿಡಿಯೊವನ್ನು ಬಿಗಿಯಾಗಿ ಕುಗ್ಗಿಸುವ ಬಗೆ) ಎಂದಿದ್ದರೆ ರೋಗ ಸಿಕ್ಕಂತೆ. ಚಿತ್ರ ಬಿಡಿಸುವುದರಲ್ಲೇ ಪ್ರೊಸೆಸರ್ ಸುಸ್ತಾಗಿದೆ.

ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಹಾರ್ಡ್‌ವೇರ್ ಡಿಕೋಡಿಂಗ್ (ಚಿತ್ರ ಬಿಡಿಸುವ ಕೆಲಸ ಚಿಪ್‌ನ ಬೇರೆ ಭಾಗಕ್ಕೆ ಕೊಡುವುದು) ಚಾಲೂ ಆಗುತ್ತದೆ, ಚಿಪ್‌ನಲ್ಲಿ ಆ ಶಕ್ತಿ ಇದ್ದರೆ. ಆಫೀಸುಗಳಿಂದ ಸೆಕೆಂಡ್ ಹ್ಯಾಂಡ್ ಬರುವ ಇಂಟೆಲ್ 4ನೇ ತಲೆಮಾರಿನ ಐ3ಯಲ್ಲಿ ಎಚ್‌ಇವಿಸಿ ಇಲ್ಲ. 6ನೆಯದರಲ್ಲಿ 8 ಬಿಟ್ ಬಣ್ಣದ್ದು ಮಾತ್ರ. 10 ಬಿಟ್ ಎಚ್‌ಇವಿಸಿಗೆ 7ನೆಯದು ಬೇಕು, ಎವಿ1 (AV1) ಎಂಬ ಇನ್ನೊಂದು ವಿಡಿಯೊ ಬಗೆಗೆ 11ನೆಯದು. ಟರ್ಮಿನಲ್‌ನಲ್ಲಿ ವಿಎ-ಇನ್ಫೋ (vainfo) ಓಡಿಸಿದರೆ ನಿಮ್ಮ ಚಿಪ್ ಬಿಡಿಸಬಲ್ಲ ವಿಡಿಯೊ ಬಗೆಗಳ ಪಟ್ಟಿ ಬರುತ್ತದೆ. 10 ಬಿಟ್‌ನದಾದ ಎಚ್‌ಇವಿಸಿ ಮೇನ್10 (HEVCMain10) ಸಾಲಿನ ಮುಂದೆ ವಿಎಲ್‌ಡಿ (VLD, ಬಿಡಿಸುತ್ತದೆ ಎಂಬ ಗುರುತು) ಎಂದಿರಬೇಕು. ಚಿಪ್ ಹೊಸದಿದ್ದೂ ಪಟ್ಟಿ ಬಾರದಿದ್ದರೆ ಇಂಟೆಲ್ ಮೀಡಿಯಾ ಡ್ರೈವರ್ ಹಾಕಿಲ್ಲ. ಚಿಪ್ಪೇ ಹಳೆಯದೆ? ರಾತ್ರಿ ಸಿನೆಮಾವನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬಗೆ ಬದಲಿಸುವ ತಂತ್ರಾಂಶಕ್ಕೆ ಹಚ್ಚಿ ಮಲಗಿ, 1080ಪಿ, 8 ಬಿಟ್ ಎಚ್.264 ಮಾಡಿಕೊಳ್ಳಿ.

ಮೊದಲ ಇಪ್ಪತ್ತು ನಿಮಿಷ ಸರಿ ಇದ್ದು ಆಮೇಲೆ ಜಗ್ಗಲು ಶುರುವಾದರೆ ಅದು ಬಿಸಿಯ ಕಾಟ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ. ಗಾಜಿನ ಬಾಗಿಲಿನ ಷೋಕೇಸ್‌ನೊಳಗಿಟ್ಟ ಡಬ್ಬಿಗೆ ಉಸಿರಾಡಲು ಎಲ್ಲಿದೆ ಗಾಳಿ? ಸೆನ್ಸರ್ಸ್ (sensors) ಕಮಾಂಡ್ 90 ಡಿಗ್ರಿ ದಾಟಿ ತೋರಿಸುತ್ತಿದ್ದರೆ ಫ್ಯಾನಿನ ಧೂಳು ಊದಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ, ಡಬ್ಬಿ ಹೊರಗಿಡಿ. ಪ್ರೊಸೆಸರ್ ಆರಾಮಾಗಿದ್ದೂ ದನಿಯೊಂದೇ ಕಡಿದರೆ ಪೈಪ್‌ವೈರ್‌ನ ಕ್ವಾಂಟಮ್ (ಒಂದು ಸಲಕ್ಕೆ ಕಳಿಸುವ ಸ್ಯಾಂಪಲ್‌ಗಳ ಸಂಖ್ಯೆ) 1024 ಇದ್ದದ್ದನ್ನು 2048 ಮಾಡಿ. ಬಫರ್ 21 ಮಿಲಿಸೆಕೆಂಡಿನಿಂದ 43ಕ್ಕೆ ಏರುತ್ತದೆ.

‘ಆದ್ರ ಆಪ್ಟಿಕಲ್ ಹಾಕಿದ ಮ್ಯಾಲೆ ನಮ್ಮನ್ಯಾಗ ಫರಕ್ ಬಿತ್ತಲ್ರಿ’ ಎನ್ನುವವರಿದ್ದಾರೆ. ಸುಳ್ಳಲ್ಲ. ಅವರ ಮನೆಯಲ್ಲಿ ನಿಂತದ್ದು ಗುಂಯ್ ಎನ್ನುವ ಸದ್ದು. ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರ್‌ಗೆ ತಾಮ್ರದ ವೈರ್ ಎಳೆದಾಗ, ಅತ್ತ ಡಿಷ್ ಕೇಬಲ್‌ನ ಅರ್ಥ್, ಇತ್ತ ಪ್ಲಗ್ಗಿನ ಅರ್ಥ್ ಕೂಡಿ ಸುತ್ತು ಬೀಳುತ್ತದೆ, ಅದರಲ್ಲಿ 50 ಹರ್ಟ್ಸ್ ಗುಂಯ್ಗುಡುತ್ತದೆ. ಪ್ಲಾಸ್ಟಿಕ್ ಎಳೆಯಲ್ಲಿ ಕರೆಂಟ್ ಹರಿಯದು, ಸುತ್ತು ಕಡಿಯಿತು. ಬಂಗಾರವಿಲ್ಲದ ಅಗ್ಗದ ಆಪ್ಟಿಕಲ್ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಡಿಷ್ ಕೇಬಲ್ ಬಿಚ್ಚಿದ ಕೂಡಲೇ ಗುಂಯ್ ನಿಂತರೆ ಇದೇ ಎಂದು ತಿಳಿಯಿರಿ. ಆದರೆ ಅದನ್ನು ನಿಲ್ಲಿಸಲೆಂದು ಪ್ಲಗ್ಗಿನ ದಪ್ಪ ಮೂರನೇ ಪಿನ್ ಮುರಿಯಲೇಬೇಡಿ. ಡಬ್ಬಿಯ ಕಬ್ಬಿಣ ಮುಟ್ಟಿದರೆ ಜುಮ್ ಎನ್ನುವುದು ಅರ್ಥಿಂಗ್ ಇಲ್ಲದ್ದಕ್ಕೇ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯ ಹಿಡಿತ ಸಡಿಲಾಗುತ್ತದೆ. ಅದಕ್ಕೆ ಆಗಾಗ ಎರಡು ಕೊಡ ನೀರು ಹಾಕಿ.