ಅಪ್ಪ ಅವ್ವ ಜೈಲಿನಲ್ಲಿ, ಮಗು ಯಾರ ಲೆಕ್ಕದಲ್ಲಿ?

ಜೈಲಿನಲ್ಲಿರುವವರ ಮಕ್ಕಳ ಪಾಠ ಎಂದರೆ ಉತ್ತರಪತ್ರಿಕೆಯಲ್ಲಿ ಎಲ್ಲರೂ ಮೊದಲು ಬರೆಯುವುದು 'ಆರು ವರ್ಷ', ಅಂದರೆ ಅಲ್ಲಿಯವರೆಗೆ ಮಗು ಜೈಲಿನಲ್ಲಿ ತಾಯಿ ಜೊತೆ ಇರಬಹುದು ಎಂಬುದು. ತಪ್ಪಲ್ಲ, ಆದರೆ ಅದು ವಿಷಯದ ಸಣ್ಣ ತುಂಡು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 1,537 ಮಹಿಳಾ ಕೈದಿಗಳ ಜೊತೆ 1,764 ಮಕ್ಕಳಿದ್ದರು. ಇದು ಗೋಡೆಯೊಳಗಿನ ಲೆಕ್ಕ. ಅಪ್ಪ ಬೆಳಗಾವಿಯ ಹಿಂಡಲಗಾ ಜೈಲಿನಲ್ಲೋ ವಿಜಯಪುರದ ದರ್ಗಾ ಜೈಲಿನಲ್ಲೋ ಇದ್ದು, ಊರಲ್ಲಿ ಅಜ್ಜ-ಆಯಿ ಹತ್ತಿರ ಬೆಳೆಯುವ ಮಗು ಈ ಅಂಕಿಯಲ್ಲಿಲ್ಲ.

ಹೊರಗುಳಿದ ಮಗುವಿಗೆ ಪೆಟ್ಟು ಬೀಳುವುದು ಒಂದರ ಹಿಂದೊಂದು. ಮೊದಲು ಮನೆಯ ಕೂಲಿ ನಿಲ್ಲುತ್ತದೆ, ಮೇಲೆ ವಕೀಲರ ಖರ್ಚು. ಕಬ್ಬಿನ ಹಂಗಾಮಿನಲ್ಲಿ ಅವ್ವ ಕಡಿಯುವ ಗ್ಯಾಂಗಿಗೆ ಸೇರಿದರೆ ಮಗುವೂ ಹೊರಡುತ್ತದೆ, ಶಾಲೆಯ ಹಾಜರಿ ಅಲ್ಲಿಗೇ ಕಟ್. 'ಅಪ್ಪ ಗೋವಾಕ್ಕೆ ದುಡಿಯಾಕ ಹೋಗ್ಯಾನ' ಎಂಬ ಸುಳ್ಳು ಹೆಚ್ಚು ದಿನ ಬಾಳುವುದಿಲ್ಲ. ನಿಜ ಗೊತ್ತಾಗುವುದು ಜಗಳದಲ್ಲಿ, ಓರಗೆಯವರ ಬಾಯಿಂದ. ವಯಸ್ಸಿಗೆ ತಕ್ಕಷ್ಟು ನಿಜವನ್ನು ಮನೆಯವರೇ ಮೊದಲು ಹೇಳುವುದು ಮೇಲು.

ಈಗ ಆರು ವರ್ಷದ ಮಾತು. ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಹೇಳಿದ್ದು: ಆರು ತುಂಬುವವರೆಗೆ ಮಗು ತಾಯಿ ಜೊತೆ ಇರಬಹುದು. ಇದು ಗರಿಷ್ಠ ಮಿತಿ, ಇರಲೇಬೇಕೆಂಬ ನಿಯಮವಲ್ಲ. ಮೂರರ ಕೆಳಗಿನವರಿಗೆ ಶಿಶುವಿಹಾರ, ಆಮೇಲೆ ನರ್ಸರಿ. ಜನನ ಪ್ರಮಾಣಪತ್ರದಲ್ಲಿ ಜೈಲಿನ ಹೆಸರು ಬರಬಾರದು, ಆ ಪ್ರದೇಶದ ವಿಳಾಸವಷ್ಟೇ ಸಾಕು. ಆರರ ನಂತರ ಬೇರೆ ಕಡೆ ಸೇರಿಸಿದರೂ ವಾರಕ್ಕೊಮ್ಮೆಯಾದರೂ ತಾಯಿಯ ಭೇಟಿ. ಅಥಣಿಯಿಂದ ಹಿಂಡಲಗಾಕ್ಕೆ ಬರಬೇಕಾದ ಆಯಿಗೆ ಆ ಭೇಟಿ ಎಂದರೆ ಬಸ್ ಖರ್ಚು, ಜೊತೆಗೆ ಒಂದು ದಿನದ ಕೂಲಿ.

ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 2007ರಲ್ಲಿ ಬೇರೆ ದಾರಿ ಹಿಡಿಯಿತು: ಮಕ್ಕಳನ್ನು ಸಾಕುತ್ತಿರುವವರಿಗೆ ಶಿಕ್ಷೆ ವಿಧಿಸುವ ಮುನ್ನ ಆ ಮಕ್ಕಳ ಗತಿಯೇನು ಎಂದು ನ್ಯಾಯಾಧೀಶರು ನೋಡಲೇಬೇಕು. ನಮ್ಮಲ್ಲಿ ಆ ಪ್ರಶ್ನೆ ಶಿಕ್ಷೆಯ ಹೊತ್ತಿಗೆ ಬಂದರೆ ತಡ, ಏಕೆಂದರೆ ನಮ್ಮ ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ಕೇಸ್ ಇನ್ನೂ ತೀರ್ಮಾನವಾಗದೆ ಒಳಗಿರುವವರು. ಆದ್ದರಿಂದ ಮೊದಲ ರಿಮಾಂಡಿನಲ್ಲೇ (ಬಂಧಿಸಿದವರನ್ನು ನ್ಯಾಯಾಧೀಶರ ಮುಂದೆ ತಂದಾಗಲೇ) ಮಗುವಿನ ವಯಸ್ಸು, ಈಗ ನೋಡಿಕೊಳ್ಳುವವರು ಯಾರು ಎಂಬುದು ಜಾಮೀನು ಅರ್ಜಿಯಲ್ಲಿ ಇರಬೇಕು. ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ; ಸಹಾಯವಾಣಿ 15100.

ಜಾಮೀನು ಸಿಕ್ಕ ಮೇಲೂ ಬಿಡುಗಡೆ ನಿಲ್ಲುವುದು ಜಾಮೀನುದಾರ ತೋರಿಸಬೇಕಾದ ಉತಾರದ (ಹೊಲದ ಪಹಣಿಯ) ಹತ್ತಿರ. ಹೊಲವಿಲ್ಲದ ಕುಟುಂಬಕ್ಕೆ ಜಾಮೀನುದಾರ ಸಿಗುವುದಿಲ್ಲ. 2023ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನ ಇಲ್ಲಿ ಕೆಲಸಕ್ಕೆ ಬರುತ್ತದೆ: 7 ದಿನದಲ್ಲಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರಕ್ಕೆ ತಿಳಿಸಬೇಕು; ತಿಂಗಳೊಳಗೆ ಜಾಮೀನಿನ ಬಾಂಡ್ ಬರದಿದ್ದರೆ ನ್ಯಾಯಾಲಯ ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸ್ ನಡೆಸುವ ವಿಧಾನದ ಕಾನೂನು) 479ನೇ ಕಲಂ ಪ್ರಕಾರ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಅರ್ಧ ಅವಧಿ, ಮೊದಲ ಬಾರಿಯವರಾದರೆ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ದಾರಿಯಿದೆ. ಮರಣದಂಡನೆ ಅಥವಾ ಜೀವಾವಧಿಯ ಆರೋಪವಿದ್ದರೆ, ಒಂದಕ್ಕಿಂತ ಹೆಚ್ಚು ಕೇಸ್ ಬಾಕಿಯಿದ್ದರೆ ಇದು ಸಿಗದು. ಉತ್ತರ ಬರೆಯುವಾಗ ಈ ವಿನಾಯಿತಿ ಬಿಟ್ಟವರೇ ಹೆಚ್ಚು.

ಮನೆಯಲ್ಲಿರುವ ಮಗುವಿಗೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ (ಸಾಕಲು ಕೊಡುವ ಹಣ) ಕೇಳಬಹುದು: ತಿಂಗಳಿಗೆ 4,000 ರೂಪಾಯಿ, ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000, ಬೇರೆಡೆ 96,000 ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವನ್ನು ಸಾಕುವವರು ಅಜ್ಜ-ಆಯಿ ಎಂಬ ದಾಖಲೆ ಕೈಯಲ್ಲಿಲ್ಲದಿದ್ದರೆ ಮೊದಲು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ, ಆಮೇಲೆ ಬ್ಯಾಂಕ್ ಖಾತೆ.