ರೀಆಂಪಿಂಗ್: ಮೊದಲು ಹಾಡು, ಆಮೇಲೆ ಪೆಡಲ್

ಗಿಟಾರ್ ಪೆಡಲ್‌ಗಳ (ಕಾಲಿನಿಂದ ಒತ್ತಿ ಗಿಟಾರ್ ಸದ್ದನ್ನು ಬದಲಿಸುವ ಪುಟ್ಟ ಪೆಟ್ಟಿಗೆಗಳ) ಗುಂಗು ಹತ್ತಿದವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ: ಇದೇ ಡಿಲೇ (ತಡವಾಗಿ ಮರಳುವ ಮಾರುದನಿ), ಇದೇ ರಿವರ್ಬ್ (ದೊಡ್ಡ ಕೋಣೆಯ ಮೊಳಗು) ನನ್ನ ದನಿಗೂ ಸಿಕ್ಕರೆ? ಮೈಕ್ ಕೇಬಲ್‌ಗೆ ಒಂದು ಅಡಾಪ್ಟರ್ ಹಾಕಿ ನೇರವಾಗಿ ಪೆಡಲ್‌ಗೆ ಚುಚ್ಚುತ್ತಾರೆ. ದನಿ ಬರುತ್ತದೆ, ಆದರೆ ತೀರಾ ಸಣ್ಣಗೆ. ಜೋರು ಮಾಡಿದರೆ ಜೊತೆಗೆ ಸುಯ್ ಎನ್ನುವ ಸದ್ದೂ ಜೋರಾಗುತ್ತದೆ. ಕಂಡೆನ್ಸರ್ ಮೈಕ್ ಆದರೆ ಅಷ್ಟೂ ಇಲ್ಲ. ಅದಕ್ಕೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಬರುವ ವಿದ್ಯುತ್, ಗಿಟಾರ್ ಪೆಡಲ್‌ನಿಂದ ಸಿಗುವುದಿಲ್ಲ.

ಇದಕ್ಕೆ ಒಳ್ಳೆಯ ದಾರಿ ರೀಆಂಪಿಂಗ್. ಮೊದಲು ಯಾವ ಎಫೆಕ್ಟೂ ಇಲ್ಲದೆ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಆಮೇಲೆ ಆ ಟ್ರ್ಯಾಕನ್ನು ಆಡಿಯೋ ಇಂಟರ್‌ಫೇಸ್‌ನಿಂದ (ಕಂಪ್ಯೂಟರ್‌ಗೆ ಸದ್ದನ್ನು ಒಳಗೆ-ಹೊರಗೆ ಸಾಗಿಸುವ ಸಾಧನ) ಹೊರಗೆ ಕಳಿಸಿ, ಪೆಡಲ್ ಮೂಲಕ ಹಾಯಿಸಿ, ಇನ್ನೊಂದು ಟ್ರ್ಯಾಕ್ ಆಗಿ ಒಳಗೆ ತರುವುದು. ಮೊದಲನೆಯದು ಡ್ರೈ, ಎರಡನೆಯದು ವೆಟ್. ಇದು ಶುರುವಾಗಿದ್ದು ಗಿಟಾರ್‌ಗಾಗಿ: ನೇರವಾಗಿ ರೆಕಾರ್ಡ್ ಮಾಡಿದ ಗಿಟಾರ್ ಟ್ರ್ಯಾಕನ್ನು ಆಮೇಲೆ ಆಂಪ್‌ಗೆ, ಅಂದರೆ ಗಿಟಾರ್ ಆಂಪ್ಲಿಫೈಯರ್‌ಗೆ, ಕಳಿಸುತ್ತಿದ್ದರು. ಅದಕ್ಕೆಂದೇ ಒಂದು ಪುಟ್ಟ ಪೆಟ್ಟಿಗೆಯನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದವರು ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಜಾನ್ ಕುನಿಬರ್ಟಿ. ಈಗ ನಡುವೆ ಆಂಪ್ ಇಲ್ಲದೆ ಬರೀ ಪೆಡಲ್ ಇದ್ದರೂ ಜನ ರೀಆಂಪಿಂಗ್ ಅಂತಲೇ ಅನ್ನುತ್ತಾರೆ.

ಇಲ್ಲಿ ನಿಜವಾಗಿ ತಿಳಿದುಕೊಳ್ಳಬೇಕಾದದ್ದು ಲೆವೆಲ್. ಮೈಕ್‌ನಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್. ಗಿಟಾರ್‌ನದ್ದು ಅದಕ್ಕಿಂತ ಎಷ್ಟೋ ಜಾಸ್ತಿ, ನೂರಾರು ಮಿಲಿವೋಲ್ಟ್‌ವರೆಗೂ ಹೋಗುತ್ತದೆ. ಸ್ಟುಡಿಯೋ ಸಲಕರಣೆಗಳ ಲೈನ್ ಲೆವೆಲ್ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಪೆಡಲ್ ತಯಾರಾಗಿರುವುದು ನಡುವಿನ ಗಿಟಾರ್ ಲೆವೆಲ್‌ಗೆ. ಮೈಕ್ ಕೊಟ್ಟರೆ ಅದಕ್ಕೆ ಸಾಲದು, ಲೈನ್ ಕೊಟ್ಟರೆ ಅತಿಯಾಗಿ ಒಡಕು ದನಿ ಬರಬಹುದು. ರೀಆಂಪ್ ಪೆಟ್ಟಿಗೆ ಲೈನ್ ಸಿಗ್ನಲನ್ನು ಇಳಿಸಿ, ಗಿಟಾರ್ ಪಿಕಪ್‌ನಿಂದ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಬಂದಂತೆ ಪೆಡಲ್‌ಗೆ ಕಾಣುವ ಹಾಗೆ ಮಾಡುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇದ್ದರೆ ಗ್ರೌಂಡ್ ಲೂಪ್‌ನಿಂದ (ಸಲಕರಣೆಗಳ ಅರ್ಥಿಂಗ್ ಒಂದಕ್ಕೊಂದು ಸುತ್ತಾಗಿ ಸೇರುವುದರಿಂದ) ಬರುವ ಗುಂಯ್ ಸದ್ದೂ ಸಾಮಾನ್ಯವಾಗಿ ನಿಲ್ಲುತ್ತದೆ.

ಪೆಟ್ಟಿಗೆ ಕೊಳ್ಳಲೇಬೇಕಾ? ನನ್ನ ಪ್ರಕಾರ ಡಿಲೇ, ರಿವರ್ಬ್, ಕೋರಸ್‌ಗೆ ಮೊದಲ ದಿನವೇ ಬೇಡ. ಇಂಟರ್‌ಫೇಸ್‌ನ ಔಟ್‌ಪುಟ್ಟನ್ನು ಚೆನ್ನಾಗಿ ಇಳಿಸಿ, ಮಾಮೂಲಿ ಗಿಟಾರ್ ಕೇಬಲ್‌ನಲ್ಲೇ ಕಳಿಸಿ ನೋಡಿ. ಆ ಕೇಬಲ್ ಹಾಕಬಹುದಾ ಎಂದು ಇಂಟರ್‌ಫೇಸ್‌ನ ಕೈಪಿಡಿಯಲ್ಲಿ ಮಾತ್ರ ನೋಡಿಕೊಳ್ಳಿ. ಸದ್ದನ್ನು ಪೂರ್ತಿ ಒಡಕು ಮಾಡುವ ಫಜ್ ಪೆಡಲ್‌ಗಳ ಕಥೆ ಬೇರೆ. ಅವುಗಳಲ್ಲಿ ಹಲವು ಎದುರಿಗಿರುವುದು ಪಿಕಪ್ಪೋ ಅಲ್ಲವೋ ಎಂಬುದರ ಮೇಲೆ ಸ್ವಭಾವವನ್ನೇ ಬದಲಿಸುತ್ತವೆ.

ಇನ್ನು ಡ್ರೈ ಟ್ರ್ಯಾಕ್. ಹೇಗೂ ಎಫೆಕ್ಟ್ ಬರುತ್ತದಲ್ಲ, ಸ್ವಲ್ಪ ಕೊಳೆ ಇದ್ದರೂ ಮುಚ್ಚಿಹೋಗುತ್ತದೆ ಅಂದುಕೊಂಡರೆ ಕೆಟ್ಟಿರಿ. ಜೋರು-ಸಣ್ಣ ಸದ್ದುಗಳ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಮತ್ತು ಸದ್ದಿಗೆ ಒಡಕು ಕೊಡುವ ಓವರ್‌ಡ್ರೈವ್ (ಡ್ರೈವ್) ಸಣ್ಣ ಸದ್ದನ್ನೆಲ್ಲ ಮೇಲಕ್ಕೆತ್ತುತ್ತವೆ. ಫ್ಯಾನ್, ಕೋಣೆಯ ಮೊಳಗು, ಹೆಡ್‌ಫೋನ್‌ನಿಂದ ಸೋರಿದ ತಾಳ, ಎಲ್ಲವೂ ಎದ್ದು ಕೂರುತ್ತವೆ. ಮೈಕ್‌ನಿಂದ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಗೇನ್ ತೀರಾ ಏರಿಸುವ ಅಗತ್ಯವೇ ಇಲ್ಲ. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 10 ಡಿಬಿ ಹತ್ತಿರ ಮುಟ್ಟಿದರೆ ಸಾಕು. ಸ, ಶ ಅಕ್ಷರಗಳು ಚುಚ್ಚುತ್ತಿದ್ದರೆ ಪೆಡಲ್‌ಗೆ ಕಳಿಸುವ ಮೊದಲೇ ಡಿ-ಎಸರ್‌ನಿಂದ ತಗ್ಗಿಸಿ, ಡ್ರೈವ್ ದಾಟಿದ ಮೇಲೆ ಅವನ್ನು ಸರಿಮಾಡುವುದು ಬಲು ಕಷ್ಟ.

ದನಿಗೆ ಓವರ್‌ಡ್ರೈವ್ ಹಾಕಿದಾಗ ಬರುವ ಕರ್ಕಶಕ್ಕೆ ಇನ್ನೊಂದು ಕಾರಣವಿದೆ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನಿಂದ ಮೇಲಿನ ಸದ್ದನ್ನು ಬಹುಪಾಲು ಬಿಟ್ಟೇಬಿಡುತ್ತದೆ. ಡ್ರೈವ್ ಪೆಡಲ್‌ನ ಮುಂದೆ ಅಂಥ ಸ್ಪೀಕರ್ ಇದ್ದೇ ಇರುತ್ತದೆ ಎಂಬುದು ಲೆಕ್ಕ. ನೇರವಾಗಿ ಇಂಟರ್‌ಫೇಸ್‌ಗೆ ತಂದರೆ ಆ ಗರಗರ ಎಲ್ಲ ಹಾಗೇ ಉಳಿಯುತ್ತದೆ. ಈಕ್ವಲೈಸರ್‌ನಲ್ಲಿ ಮೇಲ್ಭಾಗ ಕತ್ತರಿಸಿ, ಅದರ ಕೆಳಗೆ ಡ್ರೈ ದನಿಯನ್ನೂ ಬೆರೆಸಿದರೆ ಮಾತು ಸ್ಪಷ್ಟವಾಗಿಯೇ ಇರುತ್ತದೆ.

ಹಾಗೆ ಬೆರೆಸುವಾಗ ಗಮನಿಸಿ: ಹೊರಗೆ ಹೋಗಿ ಬಂದ ಟ್ರ್ಯಾಕ್ ಕೆಲವು ಮಿಲಿಸೆಕೆಂಡ್ ತಡವಾಗಿರಬಹುದು. ರಿವರ್ಬ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ಡ್ರೈವ್‌ನಲ್ಲಿ ಮಾತ್ರ ಎರಡೂ ಸೇರಿ ದನಿ ಟೊಳ್ಳಾಗುತ್ತದೆ. ಮೊದಲು ಒಂದು ಕ್ಲಿಕ್ ಸದ್ದು ಕಳಿಸಿ, ಎಷ್ಟು ತಡ ನೋಡಿ, ವೆಟ್ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಿದರಾಯಿತು. ಪೆಡಲ್‌ಗೆ ಹೋಗುವ ದಾರಿಯಲ್ಲಿ ಡ್ರೈ ದನಿಯೊಂದೇ ಇರಲಿ, ಇಂಟರ್‌ಫೇಸ್‌ನಲ್ಲಿ ಸ್ಪೀಕರ್‌ಗೆ ಹೋಗುವ 1, 2 ಬಿಟ್ಟು 3 ಅಥವಾ 4ನೇ ಔಟ್‌ಪುಟ್ ಇದ್ದರೆ ಇದಕ್ಕೆ ಅನುಕೂಲ. ವಾಪಸ್ ಬಂದ ಸದ್ದು ಮತ್ತೆ ಅದೇ ದಾರಿಗೆ ಸೇರಿದರೆ ಸುತ್ತಿ ಸುತ್ತಿ ಕಿರುಚುತ್ತದೆ. ಆಗ ಹೆಡ್‌ಫೋನ್ ಕಿವಿಯಲ್ಲಿದ್ದರೆ ದೇವರೇ ಗತಿ.

ಕೆಲವರಿಗೆ ರಿವರ್ಬ್ ಕೇಳಿಸದೆ ಹಾಡೋಕೇ ಆಗಲ್ಲ, ಅದೂ ಸಹಜವೇ. ಸಾಫ್ಟ್‌ವೇರ್‌ನಲ್ಲಿ ಒಂದು ರಿವರ್ಬ್ ಹಚ್ಚಿ ಅದನ್ನು ಹೆಡ್‌ಫೋನ್‌ಗಷ್ಟೇ ಕೊಡಿ. ರೆಕಾರ್ಡ್ ಆಗುವುದು ಡ್ರೈ ದನಿಯೇ, ಪೆಡಲ್‌ನ ನಾಬ್‌ಗಳನ್ನು ಎಷ್ಟು ಸಲ ಬೇಕಾದರೂ ತಿರುಗಿಸಿ ನೋಡಬಹುದು.